ಹಾ ಲಾಂಗ್, ಲಾನ್ ಹಾ, ಬಾಯ್ ತು ಲಾಂಗ್: ಒಂದು ದಿನದ ಕ್ರೂಸ್‌ಗೆ ಯಾವ ಕೊಲ್ಲಿ?

ವಿಯೆಟ್ನಾಂ ರಾಜಧಾನಿ ಹನೋಯ್‌ನಿಂದ ಬೆಳಿಗ್ಗೆ ಹೊರಟು ರಾತ್ರಿ ವಾಪಸಾಗುವ ಐಷಾರಾಮಿ ಕ್ರೂಸ್‌ಗಳ ಜಾಹೀರಾತುಗಳೆಲ್ಲ ಒಂದೇ ಥರ ಇರುತ್ತವೆ. ಬಿಳಿ ಹಡಗು, ಮೇಲಿನ ಡೆಕ್ಕಿನಲ್ಲಿ ಜಕೂಝಿ, ಸಮುದ್ರಕ್ಕೆ ಇಳಿಯುವ ಜಾರುಬಂಡೆ, ಸಂಜೆ ಹಣ್ಣಿನ ತಟ್ಟೆ, ವೈನ್. ದರದಲ್ಲೂ ದೊಡ್ಡ ವ್ಯತ್ಯಾಸವಿಲ್ಲ. ಬಸ್ಸು, ಮಧ್ಯಾಹ್ನದ ಊಟ, ಪ್ರವೇಶ ಟಿಕೆಟ್ ಎಲ್ಲ ಸೇರಿ ತಲೆಗೆ 50ರಿಂದ 70 ಡಾಲರ್ ಆಸುಪಾಸು. ಹಾಗಾಗಿ ಹೆಚ್ಚಿನವರು ಹಡಗಿನ ಫೋಟೊ ನೋಡಿ ಬುಕ್ ಮಾಡುತ್ತಾರೆ. ಮೂರೂ ಕೊಲ್ಲಿಗಳಲ್ಲಿ ಓಡಾಡಿ ಬಂದವನಾಗಿ ಹೇಳುತ್ತೇನೆ: ಮೊದಲು ಕೇಳಬೇಕಾದ್ದು ಆ ಹಡಗು ಯಾವ ನೀರಿನಲ್ಲಿ ಓಡುತ್ತದೆ, ಎಷ್ಟು ಗಂಟೆ ಓಡುತ್ತದೆ ಎಂದು. ಜಕೂಝಿ ಆಮೇಲೆ.

ನಕ್ಷೆ ಒಮ್ಮೆ ಮನಸ್ಸಿನಲ್ಲಿ ಕೂತರೆ ಉಳಿದದ್ದು ಸುಲಭ. ನಡುವೆ ಇರುವುದು ಹಾ ಲಾಂಗ್ ಕೊಲ್ಲಿ, ಕ್ವಾಂಗ್ ನಿನ್ ಪ್ರಾಂತ್ಯಕ್ಕೆ ಸೇರಿದ್ದು. ಅದರ ದಕ್ಷಿಣಕ್ಕೆ, ಕಾತ್ ಬಾ ದ್ವೀಪದ ಮಗ್ಗುಲಲ್ಲಿ ಲಾನ್ ಹಾ ಕೊಲ್ಲಿ. ಇದು ಹೈ ಫಾಂಗ್ ನಗರದ ಆಡಳಿತದಲ್ಲಿದೆ. ಈಶಾನ್ಯಕ್ಕೆ ಬಾಯ್ ತು ಲಾಂಗ್. ಮೂರರಲ್ಲೂ ಒಂದೇ ಸುಣ್ಣದಕಲ್ಲು, ಒಂದೇ ಹಸಿರು ನೀರು. ನಮ್ಮ ಯಾಣದ ಭೈರವೇಶ್ವರ ಶಿಖರ ನೋಡಿದವರು ಅಂಥ ಬಂಡೆಗಳನ್ನು ಸಾವಿರಗಟ್ಟಲೆ ಸಮುದ್ರದಲ್ಲಿ ನಿಲ್ಲಿಸಿದಂತೆ ಕಲ್ಪಿಸಿಕೊಂಡರೆ ಅಂದಾಜು ಸಿಗುತ್ತದೆ. ಕೋಟ್ಯಂತರ ವರ್ಷ ಮಳೆನೀರು ಕಲ್ಲನ್ನು ಕರಗಿಸಿ ಕಣಿವೆ, ಗೋಪುರ, ಗುಹೆಗಳನ್ನು ಕೊರೆಯಿತು. ಕೊನೆಯ ಹಿಮಯುಗ ಮುಗಿದು ಸಮುದ್ರ ಏರಿದಾಗ ಆ ಕಣಿವೆಗಳು ಮುಳುಗಿ, ಗೋಪುರಗಳ ತಲೆ ಮಾತ್ರ ಮೇಲೆ ಉಳಿದವು. ಹಾ ಲಾಂಗ್ ಒಂದರಲ್ಲೇ 1,969 ದ್ವೀಪಗಳ ಲೆಕ್ಕ ಕೊಡುತ್ತಾರೆ. ಯುನೆಸ್ಕೊ ಪಟ್ಟಿಗೆ ಅದು 1994ರಲ್ಲಿ ಸೌಂದರ್ಯಕ್ಕಾಗಿ, 2000ದಲ್ಲಿ ಮತ್ತೆ ಭೂರಚನೆಗಾಗಿ ಸೇರಿತು. ಕಾತ್ ಬಾ ದ್ವೀಪಸಮೂಹ ಅದೇ ಪಟ್ಟಿಗೆ ಬಂದದ್ದು 2023ರಲ್ಲಿ. ಅಂದರೆ ಲಾನ್ ಹಾ ಈಗ ‘ಎರಡನೇ ದರ್ಜೆಯ ಹಾ ಲಾಂಗ್’ ಅಲ್ಲ, ಕಾಗದದ ಮೇಲೂ ಅಲ್ಲ.

ಹಾ ಲಾಂಗ್‌ನಿಂದಲೇ ಶುರು ಮಾಡೋಣ, ಏಕೆಂದರೆ ಹತ್ತರಲ್ಲಿ ಎಂಟು ಮಂದಿ ಅಲ್ಲಿಗೇ ಹೋಗುತ್ತಾರೆ.

ಹನೋಯ್‌ನ ಹಳೇ ಪೇಟೆಯಿಂದ ಎಂಟು ಗಂಟೆ ಸುಮಾರಿಗೆ ಬಸ್ಸು ಹೊರಡುತ್ತದೆ. ಹೈ ಫಾಂಗ್ ಎಕ್ಸ್‌ಪ್ರೆಸ್‌ವೇಗೆ 2018ರಲ್ಲಿ ಹಾ ಲಾಂಗ್ ಕಡೆಯ ರಸ್ತೆ ಜೋಡಣೆಯಾದ ಮೇಲೆ ಪ್ರಯಾಣ ಎರಡೂವರೆ ಗಂಟೆಗೆ ಇಳಿದಿದೆ. ಒಂದು ದಿನದ ಕ್ರೂಸ್ ಎಂಬುದಕ್ಕೆ ಅರ್ಥ ಬಂದದ್ದೇ ಆ ರಸ್ತೆಯಿಂದ. ತುವಾನ್ ಚಾವ್ ಬಂದರಿನಲ್ಲಿ ಹಡಗು ಹತ್ತುವಾಗ ಹನ್ನೆರಡು ಹತ್ತಿರವಾಗಿರುತ್ತದೆ. ಹತ್ತಿದ ಕೂಡಲೇ ಊಟ. ಒಳ್ಳೆಯ ಹಡಗುಗಳ ಊಟದ ಹಾಲ್‌ಗೆ ಎತ್ತರದ ಗಾಜಿನ ಕಿಟಕಿಗಳಿರುತ್ತವೆ. ತಟ್ಟೆ ಹಿಡಿದು ಕೂತಾಗ ಮೊದಲ ದ್ವೀಪಗಳು ಸರಿದುಹೋಗುತ್ತವೆ. ನನ್ನ ಸಲಹೆ, ಬಫೆಯನ್ನು ಬೇಗ ಮುಗಿಸಿ ಮೇಲೆ ಹೋಗಿ. ಆ ಮೊದಲ ಒಂದು ಗಂಟೆಯಲ್ಲಿ ಬಂಡೆಗಳು ಒಂದರ ಹಿಂದೊಂದು ತೆರೆದುಕೊಳ್ಳುವ ಬಗೆ ಮತ್ತೆ ಸಿಗುವುದಿಲ್ಲ.

ಇಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಚಿಕ್ಕದರಲ್ಲಿ ಥಿಯೆನ್ ಕುಂಗ್ ಗುಹೆ, ದಾವ್ ಗೋ ಗುಹೆ, ಕಾದಾಡುವ ಹುಂಜಗಳ ಜೋಡಿ ಬಂಡೆ, ಮತ್ತು 2 ಲಕ್ಷ ಡಾಂಗ್ ನೋಟಿನ ಹಿಂಬದಿಯಲ್ಲಿ ಅಚ್ಚಾಗಿರುವ ಧೂಪದಾನಿ ಆಕಾರದ ಪುಟ್ಟ ದ್ವೀಪ. ನಾಲ್ಕು ಗಂಟೆಯಲ್ಲಿ ಮುಗಿದುಹೋಗುತ್ತದೆ. ದೊಡ್ಡದು ಸುಂಗ್ ಸೋತ್ ಗುಹೆ, ಲುವಾನ್ ಗುಹೆ, ತಿ ತೋಪ್ ದ್ವೀಪ. ಆರು ಗಂಟೆ ಬೇಕು. ಐಷಾರಾಮಿ ಎಂದು ಮಾರುವ ಹಡಗುಗಳು ಬಹುಪಾಲು ಈ ದೊಡ್ಡ ದಾರಿಯಲ್ಲಿ ಹೋಗುತ್ತವೆ. ಹಣ ಕೊಡುವ ಮುನ್ನ ಇದೊಂದನ್ನು ಕೇಳಿ ಖಚಿತಪಡಿಸಿಕೊಳ್ಳಿ. ನಾಲ್ಕು ಗಂಟೆಯ ದಾರಿಗೆ ಆರು ಗಂಟೆಯ ದರ ಕೊಡಬಾರದು.

ಸುಂಗ್ ಸೋತ್ ನಿಜಕ್ಕೂ ದೊಡ್ಡ ಗುಹೆ. ಸುಮಾರು 10,000 ಚದರ ಮೀಟರ್ ವಿಸ್ತಾರ. ಮೊದಲ ಕೋಣೆ ದಾಟಿ ಎರಡನೆಯದಕ್ಕೆ ಕಾಲಿಟ್ಟಾಗ ಜನರೆಲ್ಲ ಒಂದು ಕ್ಷಣ ಮಾತು ನಿಲ್ಲಿಸುತ್ತಾರೆ. ಆದರೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಎಲ್ಲ ಹಡಗುಗಳೂ ಅಲ್ಲೇ ಇರುತ್ತವೆ. ಸಾಲಾಗಿ ಹತ್ತಬೇಕು, ಸಾಲಾಗಿ ಇಳಿಯಬೇಕು, ನಿಂತು ನೋಡಲು ಹಿಂದಿನವರು ಬಿಡುವುದಿಲ್ಲ. ತಿ ತೋಪ್‌ನದೂ ಅದೇ ಕಥೆ. ಸೋವಿಯತ್ ಗಗನಯಾತ್ರಿ ಗೆರ್ಮನ್ ತಿತೋವ್ 1962ರಲ್ಲಿ ಹೋ ಚಿ ಮಿನ್ ಜೊತೆ ಇಲ್ಲಿಗೆ ಬಂದಿದ್ದರಿಂದ ದ್ವೀಪಕ್ಕೆ ಆ ಹೆಸರು. 400ಕ್ಕೂ ಹೆಚ್ಚು ಮೆಟ್ಟಿಲು. ಮೇಲೆ ಹೋದರೆ ಕೊಲ್ಲಿಯ ಪೂರ್ತಿ ನೋಟ; ಪೋಸ್ಟ್‌ಕಾರ್ಡುಗಳಲ್ಲಿ ಕಾಣುವ ಆ ದೃಶ್ಯ ಇಲ್ಲಿಯದೇ. ಅಮ್ಮನ ಮಂಡಿನೋವಿನ ಕಾರಣ ನಾನು ಬೇಡ ಎಂದರೆ, “ಇಷ್ಟು ದೂರ ಕರ್ಕೊಂಡ್ ಬಂದು ಕೆಳಗೆ ಕೂರಿಸ್ತೀಯೇನೋ?” ಎಂದು ಅವಳೇ ಮುಂದೆ ಹೊರಟಳು. ಅರ್ಧದಲ್ಲಿ ಒಂದು ಕಟ್ಟೆಯಿದೆ, ಅಲ್ಲಿಂದಲೂ ನೋಟ ಚೆನ್ನಾಗಿಯೇ ಇದೆ. ಅಲ್ಲಿ ಕೂತು, “ನೀನು ಹೋಗಿ ಬಾ, ನಂಗೆ ಇಷ್ಟು ಸಾಕು” ಎಂದಳು. ಮಂಡಿನೋವಿನವರನ್ನು ಕರೆದೊಯ್ಯುವವರು ಆ ಕಟ್ಟೆಯನ್ನೇ ಗುರಿಯಾಗಿಟ್ಟುಕೊಳ್ಳಬಹುದು.

ಇಡೀ ದಾರಿಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಲುವಾನ್. ತಗ್ಗಿನ ಕಲ್ಲಿನ ಕಮಾನಿನ ಕೆಳಗೆ ಕಯಾಕ್‌ನಲ್ಲೋ (ನಾವೇ ಹುಟ್ಟು ಹಾಕುವ ಕಿರುದೋಣಿ) ಸ್ಥಳೀಯರು ಹುಟ್ಟು ಹಾಕುವ ಬಿದಿರಿನ ದೋಣಿಯಲ್ಲೋ ನುಸುಳಿದರೆ ಸುತ್ತಲೂ ಗೋಡೆಯಿರುವ ಕೊಳ. ಮೇಲೆ ಕೋತಿಗಳು. ಹಿರಿಯರಿದ್ದರೆ ಬಿದಿರಿನ ದೋಣಿ, ಅನುಮಾನವೇ ಬೇಡ.

ಈಗ ಲಾನ್ ಹಾ. ನನ್ನ ಒಲವು ಇಲ್ಲಿಯದು, ಮುಚ್ಚಿಡುವುದಿಲ್ಲ.

ದ್ವೀಪಗಳ ಸಂಖ್ಯೆ ಕಡಿಮೆ, ಸುಮಾರು 400. ಆದರೆ ಅವು ಒತ್ತೊತ್ತಾಗಿ ನಿಂತಿವೆ. ಹಾ ಲಾಂಗ್‌ನಲ್ಲಿ ದ್ವೀಪಗಳನ್ನು ದೂರದಿಂದ ನೋಡುತ್ತ ಸಾಗಿದರೆ ಲಾನ್ ಹಾದಲ್ಲಿ ಅವುಗಳ ನಡುವೆ ನುಸುಳಿಕೊಂಡು ಹೋಗುತ್ತೀರಿ. ಬಂಡೆಯ ಬುಡವನ್ನು ಇಷ್ಟು ಹತ್ತಿರದಿಂದ ನೋಡಿದಾಗ ಒಂದು ವಿಷಯ ಕಣ್ಣಿಗೆ ಬೀಳುತ್ತದೆ: ನೀರಿನ ಮಟ್ಟದಲ್ಲಿ ಪ್ರತಿ ಬಂಡೆಯೂ ಒಳಕ್ಕೆ ಕೊರೆದುಹೋಗಿದೆ. ಸಮುದ್ರದ ನೀರು ಸುಣ್ಣವನ್ನು ಕರಗಿಸುತ್ತ, ಚಿಪ್ಪುಜೀವಿಗಳು ಕೆರೆಯುತ್ತ ಮಾಡಿದ ಕೆಲಸ. ನೀರು ಇಳಿದಾಗ ದ್ವೀಪಗಳು ಸಣ್ಣ ಕಾಲಿನ ಮೇಲೆ ನಿಂತಂತೆ ಕಾಣುತ್ತವೆ. ಈ ಮೂರೂ ಸೇರಿರುವ ದೊಡ್ಡ ಟೊಂಕಿನ್ ಕೊಲ್ಲಿಯ ಈ ಭಾಗದಲ್ಲಿ ದಿನಕ್ಕೆ ಒಂದೇ ಭರತ, ಒಂದೇ ಇಳಿತ. ನೀರಿನ ಏರಿಳಿತ ಮೂರು ಮೀಟರ್ ದಾಟುವುದೂ ಉಂಟು. ಹಾಗಾಗಿ ಬೆಳಿಗ್ಗೆ ಕಂಡ ಬಂಡೆಯೇ ಸಂಜೆ ಬೇರೆ ರೂಪ ತಾಳುತ್ತದೆ.

ಇದರ ಪರಿಣಾಮ ಪ್ರವಾಸದ ಮೇಲೂ ನೇರವಾಗಿ ಆಗುತ್ತದೆ. ಲಾನ್ ಹಾದ ಮುಖ್ಯ ಆಕರ್ಷಣೆ ಕತ್ತಲೆ–ಬೆಳಕಿನ ಗುಹೆ. ಕಯಾಕ್‌ನಲ್ಲಿ ಕತ್ತಲ ಸುರಂಗ ಹೊಕ್ಕು, ತುದಿಯಲ್ಲಿ ಬೆಳಕಿನ ಕೊಳಕ್ಕೆ ಹೊರಬೀಳುವುದು. ನೀರು ತೀರಾ ಏರಿದಾಗ ಚಾವಣಿ ತಲೆಗೆ ತಾಗುವಷ್ಟು ಹತ್ತಿರ ಬರುತ್ತದೆ, ಆಗ ಒಳಗೆ ಬಿಡುವುದಿಲ್ಲ. ಅನುಭವವಿರುವ ಸಿಬ್ಬಂದಿ ಭರತ ನೋಡಿಕೊಂಡೇ ದಿನದ ಕ್ರಮ ಹಾಕುತ್ತಾರೆ. ಮೊದಲು ಈಜು, ಆಮೇಲೆ ಗುಹೆ, ಅಥವಾ ತಿರುಗಾಮುರುಗಾ. ನಾನು ಹೋದ ಒಂದು ಹಡಗಿನವರು ಈ ಲೆಕ್ಕವನ್ನೇ ನೋಡದೆ ಬಂದು, ಗುಹೆಯ ಬಾಯಲ್ಲಿ ಕಯಾಕ್ ತಿರುಗಿಸಿದರು. ಇನ್ನೊಂದು ಹಡಗಿನಲ್ಲಿ ಅದೇ ಗುಹೆಯೊಳಗೆ ನಾವು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಹುಟ್ಟು ಎತ್ತಿ ಸುಮ್ಮನೆ ತೇಲಿದರೆ ಚಾವಣಿಯಿಂದ ತೊಟ್ಟಿಕ್ಕುವ ನೀರಿನ ಸದ್ದು ಕೇಳುತ್ತಿತ್ತು. ಎರಡು ಹಡಗುಗಳ ದರ ಹೆಚ್ಚುಕಡಿಮೆ ಸಮ. ವ್ಯತ್ಯಾಸ ಇದ್ದದ್ದು ಮಾರ್ಗದರ್ಶಿಯ ತಿಳಿವಳಿಕೆಯಲ್ಲಿ.

ಈಜುವವರಿಗೂ ಲಾನ್ ಹಾ ಮೇಲು. ಬಾ ತ್ರಾಯ್ ದಾವ್ ಎಂಬ ಮೂರು ಗುಡ್ಡಗಳ ನಡುವಿನ ಮರಳು ತೀರದಲ್ಲಿ ತಿ ತೋಪ್‌ನ ಗದ್ದಲವಿಲ್ಲ. ಕಾತ್ ಬಾದ ಬಿಳಿತಲೆಯ ಲಂಗೂರ್ ಕೋತಿ ಪ್ರಪಂಚದಲ್ಲಿ ಇಲ್ಲಿ ಬಿಟ್ಟರೆ ಎಲ್ಲೂ ಇಲ್ಲ, ಒಟ್ಟು ನೂರಕ್ಕಿಂತ ಕಡಿಮೆ ಉಳಿದಿವೆ. ಅವು ಕಾಣುತ್ತವೆಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಆದರೂ ಆ ಬಂಡೆಗಳ ಮೇಲೆಲ್ಲೋ ಅವು ಇವೆ ಎಂಬ ಅರಿವಿನಿಂದಲೇ ನೋಟ ಬದಲಾಗುತ್ತದೆ.

ಕೊರತೆ ಎಂದರೆ, ಲಾನ್ ಹಾದ ದಿನದ ಕ್ರೂಸ್‌ನಲ್ಲಿ ಸುಂಗ್ ಸೋತ್‌ನಷ್ಟು ದೊಡ್ಡ ಗುಹೆಯಾಗಲಿ, ತಿ ತೋಪ್‌ನಂಥ ಎತ್ತರದ ನೋಟವಾಗಲಿ ಸಿಗುವುದಿಲ್ಲ. ಕಯಾಕ್ ಹತ್ತದವರು ಹಡಗಿನಲ್ಲೇ ಉಳಿಯಬೇಕಾಗುತ್ತದೆ. ತುವಾನ್ ಚಾವ್‌ನಿಂದ ಹೊರಡುವ ಹಡಗಾದರೆ ಅಲ್ಲಿಗೆ ಮುಟ್ಟಲು ಹೆಚ್ಚು ಹೊತ್ತು ಬೇಕು. ಹೈ ಫಾಂಗ್ ಕಡೆಯಿಂದ, ಕಾತ್ ಹಾಯ್ ದ್ವೀಪದ ಮೂಲಕ ಹೋಗುವವು ಉತ್ತಮ. 2017ರಲ್ಲಿ ತೆರೆದ ಸುಮಾರು 5.4 ಕಿ.ಮೀ. ಉದ್ದದ ತಾನ್ ವೂ–ಲಾಕ್ ಹುಯೆನ್ ಸೇತುವೆ ಬಸ್ಸನ್ನು ಸಮುದ್ರದ ಮೇಲಿಂದಲೇ ಕಾತ್ ಹಾಯ್‌ಗೆ ಒಯ್ಯುತ್ತದೆ.

ಬಾಯ್ ತು ಲಾಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾನ್ ಗಾಯ್ ಬಂದರಿನ ಕಡೆಯಿಂದ ಹೊರಡುವ ಕೆಲವೇ ಹಡಗುಗಳಿವೆ. ಮೂರರಲ್ಲಿ ಅತಿ ನಿಶ್ಶಬ್ದ ಇದೇ. ವುಂಗ್ ವಿಯೆಂಗ್ ಎಂಬ ತೇಲುವ ಮೀನುಗಾರರ ಹಳ್ಳಿಗೆ ಬಿದಿರಿನ ದೋಣಿಯಲ್ಲಿ ಕರೆದೊಯ್ಯುತ್ತಾರೆ. 2014ರಲ್ಲಿ ಸರಕಾರ ಇಂಥ ಹಳ್ಳಿಗಳ ಕುಟುಂಬಗಳನ್ನು ನೆಲದ ಮೇಲಿನ ವಸತಿಗೆ ಸ್ಥಳಾಂತರಿಸಿತು. ಮಕ್ಕಳ ಶಾಲೆ, ಬಿರುಗಾಳಿಯಿಂದ ರಕ್ಷಣೆ ಎಂಬ ಕಾರಣಗಳು ಸರಿಯಾದವೇ. ಈಗ ಅಲ್ಲಿ ಕಾಣುವುದು ಕೆಲಸಕ್ಕೆ ಬಂದುಹೋಗುವವರು. ‘ಜೀವಂತ ತೇಲುವ ಹಳ್ಳಿ’ ಎಂಬ ಮಾರಾಟದ ಮಾತು ನಂಬಿ ಹೋಗಬೇಡಿ. ಹುಟ್ಟು ಹಾಕುವ ಹೆಂಗಸರ ಕೈಚಳಕ ನೋಡಲು ಹೋಗಿ. ಎರಡು ದಿನವಿದ್ದರೆ ಈ ಕೊಲ್ಲಿ ಬೆಲೆಬಾಳುತ್ತದೆ. ಒಂದು ದಿನಕ್ಕೆ ದೂರ ಹೆಚ್ಚು, ಸಿಗುವ ಹೊತ್ತು ಕಡಿಮೆ.

ನಾಲ್ಕನೆಯ ದಾರಿಯೂ ಇದೆ, ಜಾಹೀರಾತುಗಳಲ್ಲಿ ಕಾಣದ್ದು. ಕಾತ್ ಬಾ ಪಟ್ಟಣದಲ್ಲಿ ಹಿಂದಿನ ರಾತ್ರಿ ತಂಗಿ, ಬೆಳಿಗ್ಗೆ ಬೇವ್ ಎಂಬ ದೋಣಿಕಟ್ಟೆಯಿಂದ ಸಣ್ಣ ಖಾಸಗಿ ಬೋಟು ಹಿಡಿಯುವುದು. ಜಕೂಝಿ ಇಲ್ಲ, ಬಫೆ ಇಲ್ಲ, ಮರದ ಡೆಕ್ಕು, ಮನೆಯ ಥರದ ಊಟ. ಹೊರಟ ಅರ್ಧ ಗಂಟೆಯಲ್ಲಿ ಲಾನ್ ಹಾದ ನಡುವೆ ಇರುತ್ತೀರಿ, ಹನೋಯ್‌ನ ಹಡಗುಗಳು ಬರುವಷ್ಟರಲ್ಲಿ ಗುಹೆ ನೋಡಿ ಮುಗಿಸಿರುತ್ತೀರಿ. ನಾಲ್ಕೈದು ಮಂದಿ ಹಂಚಿಕೊಂಡರೆ ಖರ್ಚು ದೊಡ್ಡ ಹಡಗಿಗಿಂತ ಹೆಚ್ಚಾಗುವುದಿಲ್ಲ. ಐಷಾರಾಮ ಎಂದರೆ ನನ್ನ ಮಟ್ಟಿಗೆ ಇದೇ: ಬೇಕಾದ ಕಡೆ ಲಂಗರು ಹಾಕಿಸಿ ಬೇಕಾದಷ್ಟು ಹೊತ್ತು ನಿಲ್ಲುವ ಸ್ವಾತಂತ್ರ್ಯ.

ಊಟದ ವಿಷಯ, ಸಸ್ಯಾಹಾರಿ ಕನ್ನಡಿಗರಿಗಾಗಿ. ದೊಡ್ಡ ಹಡಗುಗಳ ಬಫೆಯಲ್ಲಿ ತರಕಾರಿ ಎಂದಿಟ್ಟದ್ದಕ್ಕೂ ಮೀನಿನ ಸಾಸ್ ಬಿದ್ದಿರಬಹುದು. ಬುಕ್ ಮಾಡುವಾಗಲೇ ‘ಆನ್ ಚಾಯ್’ (ಸಸ್ಯಾಹಾರ) ಎಂದು ಬರೆಸಿ. ವಿಯೆಟ್ನಾಂನ ಬೌದ್ಧರು ಚಾಂದ್ರಮಾನ ತಿಂಗಳ ಮೊದಲ ಮತ್ತು ಹದಿನೈದನೇ ದಿನ ಸಸ್ಯಾಹಾರ ಮಾಡುವುದರಿಂದ ಅಡುಗೆಯವರಿಗೆ ಈ ಮಾತು ಚೆನ್ನಾಗಿ ಗೊತ್ತು. ‘ವೆಜಿಟೇರಿಯನ್’ ಎಂದರೆ ಮೀನು ಬರಬಹುದು, ‘ಆನ್ ಚಾಯ್’ ಎಂದರೆ ತೋಫು, ಅಣಬೆ, ಸೊಪ್ಪು, ಅನ್ನ ಬರುತ್ತದೆ. ಭಾರತೀಯರು ಹೆಚ್ಚಾಗಿರುವ ಕಾರಣ ಕೆಲವು ಹಡಗುಗಳು ಭಾರತೀಯ ಊಟವನ್ನೂ ಕೊಡುತ್ತವೆ. ಅಮ್ಮ ಮಾತ್ರ ಚಟ್ನಿಪುಡಿ ಡಬ್ಬಿ ಬಿಟ್ಟು ಹೊರಡಲಿಲ್ಲ, ಅನ್ನದ ಜೊತೆ ಅದು ಸೊಗಸಾಗಿಯೇ ಇತ್ತು. 2019ರಿಂದ ಕೊಲ್ಲಿಯ ಹಡಗುಗಳಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್‌ಗೆ ನಿರ್ಬಂಧವಿದೆ, ನೀರಿಗೆ ಸ್ಟೀಲ್ ಬಾಟಲಿ ಒಯ್ಯಿರಿ.

ಕಾಲದ ಆಯ್ಕೆ ಕೊಲ್ಲಿಯ ಆಯ್ಕೆಯಷ್ಟೇ ದೊಡ್ಡದು. ಅಕ್ಟೋಬರ್‌ನಿಂದ ಡಿಸೆಂಬರ್ ಅತ್ಯುತ್ತಮ: ಒಣಹವೆ, ತಿಳಿ ಆಕಾಶ. ಫೆಬ್ರವರಿ, ಮಾರ್ಚ್‌ನಲ್ಲಿ ಸೋನೆ ಮತ್ತು ಮಂಜು. ಫೋಟೊಗೆ ಚೆಂದ, ಈಜಿಗೆ ಚಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೆಕೆ, ಬಿರುಮಳೆ, ಚಂಡಮಾರುತ. 2024ರ ಸೆಪ್ಟೆಂಬರ್‌ನಲ್ಲಿ ಯಾಗಿ ಚಂಡಮಾರುತ ಇಲ್ಲಿಯ ಹತ್ತಾರು ಹಡಗುಗಳನ್ನು ಮುಳುಗಿಸಿತು. 2025ರ ಜುಲೈ 19ರಂದು ಹಾ ಲಾಂಗ್‌ನಲ್ಲಿ ಹಠಾತ್ ಬಿರುಗಾಳಿಗೆ ಪ್ರವಾಸಿ ಬೋಟೊಂದು ಮಗುಚಿ 35ಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ನಮ್ಮ ಬೇಸಿಗೆ ರಜೆಯ ಕೊನೆಯಲ್ಲಿ ಹೋಗುವ ಕುಟುಂಬಗಳು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಬಂದರಿನ ಆಡಳಿತ ಹಡಗು ಬಿಡುವುದಿಲ್ಲ ಎಂದ ದಿನ ವಾದಕ್ಕಿಳಿಯಬೇಡಿ. ಲೈಫ್ ಜಾಕೆಟ್ ಎಲ್ಲಿದೆ, ಊಟದ ಹಾಲ್‌ನಿಂದ ಹೊರಬರುವ ಬಾಗಿಲು ಎಷ್ಟು, ಯಾವ ಕಡೆ ಎಂದು ಹತ್ತಿದ ಕೂಡಲೇ ನೋಡಿಕೊಳ್ಳಿ. ಮಕ್ಕಳ ಅಳತೆಯ ಜಾಕೆಟ್ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಆ ಹಡಗು ಬೇಡ.

ಹಾಗಾದರೆ ಯಾರು ಎಲ್ಲಿಗೆ? ಮೊದಲ ಸಲ ಹೋಗುವವರು, ಜೊತೆಗೆ ನಡೆಯಬಲ್ಲ ಹಿರಿಯರಿರುವವರು, ಗುಹೆ ಮತ್ತು ಎತ್ತರದ ನೋಟ ಬೇಕೆನ್ನುವವರು ಹಾ ಲಾಂಗ್‌ನ ಆರು ಗಂಟೆಯ ದಾರಿ ಹಿಡಿಯಲಿ, ವಾರಾಂತ್ಯ ತಪ್ಪಿಸಲಿ. ಗಂಡ ಹೆಂಡತಿ ಇಬ್ಬರೇ ಆದರೆ, ಅಥವಾ ಕಯಾಕ್‌ಗೆ ಹೆದರದ ದೊಡ್ಡ ಮಕ್ಕಳಿದ್ದರೆ ಲಾನ್ ಹಾ. ಬೆಂಗಳೂರಿನಿಂದ ಹನೋಯ್‌ಗೆ 2025ರಲ್ಲಿ ನೇರ ವಿಮಾನ ಶುರುವಾದ ಮೇಲೆ ನಾಲ್ಕೈದು ದಿನದ ಪ್ರವಾಸ ಹಾಕುವವರು ಹೆಚ್ಚುತ್ತಿದ್ದಾರೆ. ಅಂಥವರು ಹನೋಯ್‌ನ ಒಂದು ರಾತ್ರಿಯನ್ನು ಕಾತ್ ಬಾಗೆ ವರ್ಗಾಯಿಸಿದರೆ ಸಾಕು, ಬಸ್ಸಿನಲ್ಲಿ ಕಳೆಯುವ ಐದು ಗಂಟೆ ಎರಡು ದಿನಕ್ಕೆ ಹಂಚಿಹೋಗಿ, ಬೆಳಿಗ್ಗೆ ಎಂಟಕ್ಕೇ ನೀರಿನ ಮೇಲೆ ಇರುತ್ತೀರಿ.