ವಾಲ್‌ಐ ಮೀನಿಗೆ ಬಣ್ಣದ ಗಾಳ: ಹಲವು ವರ್ಷಗಳ ಬಳಕೆಯ ನಂತರ

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಗಾಳ ಹಾಕುವವರ ನಡುವೆ ವಾಲ್‌ಐ ಮೀನಿಗಿರುವ ಮರ್ಯಾದೆ ಬೇರೆ ಯಾವ ಮೀನಿಗೂ ಇಲ್ಲ; 1965ರಿಂದ ಅದು ರಾಜ್ಯದ ಅಧಿಕೃತ ಮೀನು. ಈ ಒಂದು ಮೀನನ್ನು ನಂಬಿಕೊಂಡೇ ಇಲ್ಲಿನ ಅಂಗಡಿಗಳಲ್ಲಿ ಕಂಚಿನ ಬಣ್ಣದ ಸಾದಾ ಗಾಳಗಳ ಪಕ್ಕದಲ್ಲಿ ಕೆಂಪು, ಬಂಗಾರ, ಕಿತ್ತಳೆ, ನಿಂಬೆ ಹಳದಿ ಗಾಳಗಳ ಪೊಟ್ಟಣಗಳು ಸಾಲಾಗಿ ತೂಗಾಡುತ್ತವೆ, ಬೆಲೆಯೂ ಸಾದಾ ಗಾಳಕ್ಕಿಂತ ಗಣನೀಯವಾಗಿ ಹೆಚ್ಚಿರುತ್ತದೆ. ನಾನು ಹಲವು ಬೇಸಿಗೆಗಳಿಂದ ಬಳಸುತ್ತಿರುವುದು ಆಕ್ಟೋಪಸ್ ಎಂದು ಕರೆಯುವ ಗಿಡ್ಡ ಕಾಲಿನ, ಅಗಲ ಬಾಗಿನ ಗಾಳಗಳನ್ನು, 4, 6 ಮತ್ತು 8ನೇ ನಂಬರಿನವನ್ನು (ನಂಬರ್ ಹೆಚ್ಚಿದಷ್ಟೂ ಗಾಳ ಚಿಕ್ಕದು). ಬೇರೆ ಬೇರೆ ತಯಾರಕರ ಬಣ್ಣದ ಗಾಳಗಳನ್ನೂ ಸಾದಾ ಗಾಳಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ ಐದರಲ್ಲಿ ಮೂರು ನಕ್ಷತ್ರ ಕೊಡುತ್ತಿದ್ದೇನೆ. ಆ ಮೂರು ಕೂಡ ಉಕ್ಕಿನ ಗುಣಕ್ಕೆ ಸಲ್ಲಬೇಕಾದವು. ಬಣ್ಣದ ಪಾಲು ಅದರಲ್ಲಿ ತೀರಾ ಕಡಿಮೆ.

ಗಾಳವನ್ನು ಯಾವ ರೀತಿ ಬಳಸಲಾಗುತ್ತದೆ ಎಂಬುದನ್ನು ಮೊದಲು ಹೇಳದಿದ್ದರೆ ಈ ಅಭಿಪ್ರಾಯಕ್ಕೆ ಅರ್ಥ ಬರುವುದಿಲ್ಲ. ಬ್ರೇನರ್ಡ್ ಊರಿನಲ್ಲಿ ನೆಲೆಸಿದ್ದ ರಾನ್ ಮತ್ತು ಆಲ್ ಲಿಂಡ್ನರ್ ಸಹೋದರರು 1960ರ ದಶಕದಲ್ಲಿ ಜನಪ್ರಿಯಗೊಳಿಸಿದ ಲಿಂಡಿ ರಿಗ್ ಇಂದಿಗೂ ಇಲ್ಲಿನ ಬೇಸಿಗೆಯ ಮುಖ್ಯ ಪದ್ಧತಿ: ದಾರದ ಮೇಲೆ ಸರಿದಾಡುವ ಸೀಸದ ಬಟ್ಟು ಕೆರೆಯ ತಳವನ್ನು ಸವರುತ್ತ ಸಾಗುತ್ತದೆ, ಅದರ ಹಿಂದೆ ಒಂದೆರಡು ಮೀಟರ್ ತೆಳು ದಾರದ ತುದಿಯಲ್ಲಿ ಒಂದೇ ಒಂದು ಗಾಳ, ಗಾಳದಲ್ಲಿ ಜೀವಂತ ಎರೆ. ಎರೆಯೆಂದರೆ ಎರೆಹುಳು, ಸಣ್ಣ ಮೀನು ಅಥವಾ ಜಿಗಣೆ. (ಮಲೆನಾಡಿನಲ್ಲಿ ಇಂಬಳಕ್ಕೆ ಸುಣ್ಣ ಹಚ್ಚಿ ಕೀಳುತ್ತ ಬೆಳೆದವರಿಗೆ, ಜಿಗಣೆಯನ್ನು ಡಜನ್ ಲೆಕ್ಕದಲ್ಲಿ ದುಡ್ಡು ಕೊಟ್ಟು ತಂದು ಫ್ರಿಜ್ಜಿನಲ್ಲಿಡುವುದನ್ನು ಒಪ್ಪಿಕೊಳ್ಳಲು ಸ್ವಲ್ಪ ಕಾಲ ಬೇಕಾಗುತ್ತದೆ.) ಜಿಗಣೆಯ ಅಗಲವಾದ ಹೀರುಬಾಯಿಯ ಕಡೆಯಿಂದ ಗಾಳವನ್ನು ಚುಚ್ಚಿ ನೀರಿಗಿಳಿಸಿದರೆ, ಅದು ಮೈಯನ್ನು ಪಟ್ಟಿಯಂತೆ ಚಾಚಿ ಅಲೆಅಲೆಯಾಗಿ ಈಜತೊಡಗುತ್ತದೆ, ಆಗ ಗಾಳದಲ್ಲಿ ಕಣ್ಣಿಗೆ ಕಾಣುವುದು ದಾರ ಕಟ್ಟಿದ ಉಂಗುರ, ಅದರ ಕೆಳಗಿನ ಒಂದಿಷ್ಟು ಕಾಲು ಮತ್ತು ಚೂಪಾದ ತುದಿ ಮಾತ್ರ. ದುಡ್ಡು ತೆತ್ತು ತಂದ ಬಣ್ಣದ ಅರ್ಧಭಾಗ ಎರೆಯ ಒಳಗೇ ಅಡಗಿರುತ್ತದೆ.

ಉಳಿದ ಅರ್ಧವನ್ನು ಮೀನು ನೋಡಬಲ್ಲದೇ ಎಂಬುದು ಮುಂದಿನ ಪ್ರಶ್ನೆ. ವಾಲ್‌ಐ ಮೀನಿನ ಅಕ್ಷಿಪಟದ ಹಿಂದೆ ಬೆಳಕನ್ನು ಹಿಂದಕ್ಕೆ ಚಿಮ್ಮಿಸುವ ಪದರವೊಂದಿದೆ. ರಾತ್ರಿ ಟಾರ್ಚ್ ಬಿಟ್ಟಾಗ ಅದರ ಕಣ್ಣು ಹೊಳೆಯುವುದಕ್ಕೂ, ಮುಸ್ಸಂಜೆಯ ಮಬ್ಬಿನಲ್ಲಿ ಅದು ಬೇಟೆಗಿಳಿಯುವುದಕ್ಕೂ ಇದೇ ಕಾರಣ. ಬಣ್ಣವನ್ನು ಗ್ರಹಿಸುವ ಕೋಶಗಳು ಅದಕ್ಕೆ ಎರಡೇ ಬಗೆಯವು: ಒಂದು ಹಸಿರಿಗೆ, ಇನ್ನೊಂದು ಕಿತ್ತಳೆ-ಕೆಂಪಿಗೆ ಚೆನ್ನಾಗಿ ಸ್ಪಂದಿಸುತ್ತದೆ. ಇದನ್ನು ಓದಿದವರು ಕೆಂಪು ಗಾಳವೇ ಸರಿ ಎಂದು ತೀರ್ಮಾನಿಸುವುದು ಸಹಜ. ಪೊಟ್ಟಣದ ಮೇಲಿನ ಜಾಹೀರಾತು ಕೂಡ ಗಾಯಗೊಂಡ ಎರೆಯ ರಕ್ತದ ಮಾತನ್ನೇ ಆಡುತ್ತದೆ. ಆದರೆ ತಿಳಿನೀರು ಮೊದಲು ನುಂಗುವುದು ಕೆಂಪು ಬೆಳಕನ್ನೇ, ಅದರ ಬಹುಪಾಲು ಮೊದಲ ಐದಾರು ಮೀಟರ್‌ಗಳೊಳಗೆ ಮಾಯವಾಗಿರುತ್ತದೆ. ಸುಮಾರು 1,32,000 ಎಕರೆ ವಿಸ್ತಾರದ ಮಿಲ್ ಲ್ಯಾಕ್ಸ್ ಕೆರೆಯಲ್ಲಿ 2005ರಲ್ಲಿ ಜೀಬ್ರಾ ಮಸೆಲ್ ಎಂಬ ಚಿಪ್ಪುಜೀವಿ ಪತ್ತೆಯಾಯಿತು. ಅದು ನೀರನ್ನು ಸೋಸಿ ಸೋಸಿ ಆ ಕೆರೆ ಮೊದಲಿಗಿಂತ ತಿಳಿಯಾಗಿದೆ. ಅಲ್ಲಿ ಇಪ್ಪತ್ತೈದು, ಮೂವತ್ತು ಅಡಿ (ಸುಮಾರು ಎಂಟು, ಒಂಬತ್ತು ಮೀಟರ್) ಆಳದಲ್ಲಿ ಕೆಂಪು ಗಾಳ ಮೀನಿಗೆ ಕೆಂಪಾಗಿ ಕಾಣುವುದಿಲ್ಲ, ಕಪ್ಪುಛಾಯೆಯ ಬೂದು ತಂತಿಯಾಗಿ ಕಾಣುತ್ತದೆ. ಕಂಚಿನ ಬಣ್ಣದ ಸಾದಾ ಗಾಳ ಕಾಣುವುದೂ ಹೆಚ್ಚುಕಡಿಮೆ ಹಾಗೆಯೇ. ಆ ಆಳದಲ್ಲಿ ರಕ್ತವೇ ಕೆಂಪಾಗಿ ಕಾಣದಿರುವಾಗ ರಕ್ತವನ್ನು ಅನುಕರಿಸುವ ಬಣ್ಣದಿಂದ ಏನು ಪ್ರಯೋಜನವೆಂದು ತಯಾರಕರು ಯಾರೂ ವಿವರಿಸಿದ್ದನ್ನು ನಾನು ಕಂಡಿಲ್ಲ.

ಹೋಲಿಸಿ ನೋಡುವುದು ಇಲ್ಲಿ ಸುಲಭವಲ್ಲ, ಏಕೆಂದರೆ ಮಿನೆಸೋಟದ ಒಳನಾಡಿನ ಕೆರೆಗಳಲ್ಲಿ ಬೇಸಿಗೆಯಲ್ಲಿ ಒಬ್ಬರು ಒಂದೇ ದಾರ ಬಿಡಬಹುದೆಂಬ ನಿಯಮವಿದೆ. ಆದ್ದರಿಂದ ನಾನೂ ದೋಣಿಯ ಜೊತೆಗಾರರೂ ಒಂದೇ ಉದ್ದದ ದಾರ, ಒಂದೇ ತೂಕದ ಸೀಸ, ಒಂದೇ ಡಬ್ಬಿಯ ಜಿಗಣೆ ಇಟ್ಟುಕೊಂಡು, ಗಾಳದ ಬಣ್ಣವನ್ನು ಮಾತ್ರ ಬದಲಿಸಿ, ಅರ್ಧ ಹೊತ್ತು ಕಳೆದ ಮೇಲೆ ಗಾಳಗಳನ್ನು ಅದಲುಬದಲು ಮಾಡಿಕೊಳ್ಳುವ ಕ್ರಮ ಇಟ್ಟುಕೊಂಡೆವು. ತಿಳಿನೀರಿನಲ್ಲಿ ಮೀನು ಗಾಳದ ಬಣ್ಣವನ್ನು ಹಿಂಬಾಲಿಸಿತೆಂದು ಹೇಳುವಂಥ ಯಾವ ಒಲವೂ ನಮಗೆ ಕಾಣಲಿಲ್ಲ. ಹೆಚ್ಚಿನ ಸಲ ಅದು ಹಿಂಬಾಲಿಸಿದ್ದು ದೋಣಿಯ ಯಾವ ಬದಿಯ ದಾರ ಬಂಡೆಗಳ ಅಂಚಿಗೆ ಹತ್ತಿರವಿತ್ತೋ ಅದನ್ನು. ಜಿಗಣೆ ಸತ್ತು ಉಂಡೆಯಾಗಿದ್ದರೆ ಯಾವ ಬಣ್ಣವೂ ಉಪಯೋಗಕ್ಕೆ ಬರಲಿಲ್ಲ.

ಕೆನಡಾ ಗಡಿಯ ಲೇಕ್ ಆಫ್ ದ ವುಡ್ಸ್‌ನಲ್ಲಿ ಮಾತ್ರ ಕಥೆ ಬೇರೆ. ಸುತ್ತಲಿನ ಜೌಗುನೆಲದಿಂದ ಹರಿದುಬರುವ ಟ್ಯಾನಿನ್ ಎಂಬ, ಗಿಡಗಳಿಂದ ಇಳಿಯುವ ಕಂದು ಸತ್ವದಿಂದಾಗಿ ಅಲ್ಲಿನ ನೀರು ಹಾಲು ಬೆರೆಸದ ಚಹಾದ ಬಣ್ಣದ್ದು. ಇಂಥ ನೀರು ನೀಲಿ ಮತ್ತು ಹಸಿರನ್ನು ಬೇಗ ಹೀರಿಕೊಂಡು ಹಳದಿ, ಕಿತ್ತಳೆ, ಕೆಂಪನ್ನು ಹೆಚ್ಚು ದೂರ ಬಿಡುತ್ತದೆ. ವಾಲ್‌ಐ ಕಣ್ಣಿಗೂ ಆ ಬಣ್ಣಗಳೇ ಹತ್ತಿರ. ಆ ಕೆರೆಯವರು ಬಂಗಾರದ ಬಣ್ಣವೆಂದರೆ ಪ್ರಾಣ ಬಿಡುವುದಕ್ಕೆ ಹೀಗೊಂದು ಭೌತಿಕ ಆಧಾರವಿದೆ, ಮತ್ತು ಬಂಗಾರದ ಗಾಳಕ್ಕೆ ಒಂದಿಷ್ಟು ಹೆಚ್ಚು ಕಚ್ಚಿವೆಯೆಂಬ ಭಾವನೆ ನನಗೂ ಬಂದಿದ್ದು ಅಲ್ಲಿಯೇ. ಆದರೂ ಅಲ್ಲಿ ಕೆಲಸ ಮಾಡುವುದು ಬಂಗಾರದ ದೊಡ್ಡ ಮೈ, ಅಂದರೆ ಸೀಸದ ತಲೆಯುಳ್ಳ ಜಿಗ್ ಅಥವಾ ತಿರುಗುವ ತಗಡು. ಈರಿ ಸರೋವರದ ವಾಲ್‌ಐ ಬೇಟೆಯನ್ನು ಅಧ್ಯಯನ ಮಾಡಿದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ತಿಳಿನೀರಿಗೆ ಬಿಳಿ, ಕೆಸರು ಕದಡಿದ ನೀರಿಗೆ ಹಳದಿ, ಪಾಚಿ ತುಂಬಿದ ನೀರಿಗೆ ಕಪ್ಪು ಹೆಚ್ಚು ಫಲ ಕೊಡುತ್ತದೆಂದು ಕಂಡುಕೊಂಡಿದ್ದಾರೆ. ಅದು ಕೂಡ ಬೆರಳುದ್ದದ ಕೃತಕ ಎರೆಗಳ ಬಗ್ಗೆ ಹೇಳಿದ ಮಾತು, ಒಂದು ಮಿಲಿಮೀಟರ್ ದಪ್ಪವೂ ಇಲ್ಲದ ತಂತಿಯ ಬಗ್ಗೆ ಅಲ್ಲ. ಬಣ್ಣದ ಮೇಲೆ ದುಡ್ಡು ಹಾಕಲೇಬೇಕೆಂದಿದ್ದರೆ ಗಾಳಕ್ಕಿಂತ ಮುಂದೆ ದಾರಕ್ಕೆ ಒಂದು ನಿಂಬೆ ಹಳದಿ ಮಣಿ ಪೋಣಿಸುವುದು ಅಗ್ಗ, ಮತ್ತು ಆ ಮಣಿ ಎರೆಯೊಳಗೆ ಅಡಗುವುದೂ ಇಲ್ಲ.

ವಸ್ತುವಿನ ಬಾಳಿಕೆಯ ವಿಷಯಕ್ಕೆ ಬಂದರೆ, ನಾನು ಬಳಸಿದ ಕೆಂಪು ಗಾಳಗಳಲ್ಲಿ ಬಣ್ಣ ಮೊದಲು ಏಳುವುದು ಬಾಗಿನ ಒಳಬದಿಯಲ್ಲಿ, ಮೀನಿನ ಕೋರೆಹಲ್ಲು ಮತ್ತು ಗಾಳ ಬಿಡಿಸುವ ಇಕ್ಕಳ ತಾಗುವ ಜಾಗದಲ್ಲಿ. ಕೆಲವೇ ಮೀನು ಬಿದ್ದ ಮೇಲೆ ಅಲ್ಲಿ ಉಕ್ಕು ಬೆಳ್ಳಗೆ ಕಾಣತೊಡಗುತ್ತದೆ, ಒದ್ದೆಯಲ್ಲೇ ಡಬ್ಬಿಗೆ ಹಾಕಿದರೆ ಮರುವಾರ ಅದೇ ಗೆರೆಯುದ್ದಕ್ಕೂ ತುಕ್ಕು. ಅಗ್ಗದ ಒಂದು ಪೊಟ್ಟಣದಲ್ಲಿ ಬಣ್ಣದ ಲೇಪ ತುದಿಯನ್ನೇ ಮುಚ್ಚಿಕೊಂಡಿದ್ದರಿಂದ ಹೊಸ ಗಾಳವೇ ಮೊಂಡಾಗಿತ್ತು. ಪರೀಕ್ಷಿಸುವುದು ಸುಲಭ: ತುದಿಯನ್ನು ಹೆಬ್ಬೆರಳ ಉಗುರಿನ ಮೇಲೆ ಒತ್ತದೆ ಎಳೆಯಬೇಕು, ಕಚ್ಚಿ ನಿಂತರೆ ಸರಿ, ಜಾರಿದರೆ ಅರ ಹಿಡಿದು ಸಾಣೆ ಮಾಡಬೇಕು. ಸಾಣೆ ಹಿಡಿದಾಗ ಮೊದಲು ಹೋಗುವುದು ಬಣ್ಣವೇ. ಹೀಗೆ ತುದಿ ಬೋಳಾದ ಗಾಳಗಳಿಗೆ ಮೀನು ಕಡಿಮೆ ಬಿದ್ದದ್ದೇನೂ ಇಲ್ಲ, ಚೂಪಾದದ್ದರಿಂದ ತಪ್ಪಿಸಿಕೊಂಡವು ಕಡಿಮೆಯಾದವು. ರಾಸಾಯನಿಕವಾಗಿ ಸಾಣೆಗೊಳಿಸಿದ ತೆಳು ತಂತಿಯ ಗಾಳವಾದರೆ ಬಣ್ಣ ಯಾವುದಿದ್ದರೂ ಕೊಳ್ಳಿ. ತೆಳು ತಂತಿ ಜಿಗಣೆಯನ್ನು ಹೆಚ್ಚು ಹೊತ್ತು ಜೀವಂತವಾಗಿರಿಸುತ್ತದೆ, ತೂಕ ಕಡಿಮೆಯಿರುವುದರಿಂದ ಅದರ ಈಜಿಗೂ ಅಡ್ಡಿಯಾಗುವುದಿಲ್ಲ. ಜಿಗಣೆಗೆ 8 ಅಥವಾ 6, ಎರೆಹುಳುವಿಗೆ 6, ಸಣ್ಣ ಮೀನಿಗೆ 4 ಎಂಬ ಅಳತೆ ನನಗೆ ಒಗ್ಗಿದೆ.

ಮೂರರ ಮೇಲೆ ಇನ್ನೊಂದು ನಕ್ಷತ್ರ ಕೊಡಬಹುದಾದದ್ದು ಚಳಿಗಾಲದ ಹೊಳೆಯುವ ಲೇಪಕ್ಕೆ. ಕೆರೆ ಹೆಪ್ಪುಗಟ್ಟಿದ ಮೇಲೆ, ಹಿಮದ ಹೊದಿಕೆಯ ಅಡಿಯಲ್ಲಿ ಸಂಜೆಯ ಬೆಳಕು ಇನ್ನೂ ಬೇಗ ಆರಿಹೋಗುವಾಗ, ಬೆಳಕನ್ನು ಹೀರಿ ಕತ್ತಲಲ್ಲಿ ಬಿಡುವ ಬಣ್ಣಕ್ಕೆ ಹೊರಗಿನ ಬೆಳಕಿನ ಹಂಗಿಲ್ಲ; ಮೇಲಾಗಿ ಮಂಜುಗಡ್ಡೆಯ ಮೇಲೆ ಒಬ್ಬರಿಗೆ ಎರಡು ದಾರ ಬಿಡಲು ಅನುಮತಿಯಿರುವುದರಿಂದ ಹೊಳೆಯುವ ಗಾಳವನ್ನೂ ಸಾದಾ ಗಾಳವನ್ನೂ ಒಟ್ಟಿಗೇ ಇಳಿಸಿ ನೋಡಬಹುದು. ನನ್ನ ಮಟ್ಟಿಗೆ ಹೊಳೆಯುವುದು ಅಲ್ಲಿ ಸ್ಪಷ್ಟವಾಗಿ ಮೇಲು, ಅದರಲ್ಲೂ ಬರಿಯ ತಂತಿಗಿಂತ ಸಣ್ಣ ಸೀಸದ ತಲೆಯ ಮೇಲೆ ಆ ಲೇಪವಿರುವಾಗ. ಇಂಥವುಗಳ ಉಂಗುರದಲ್ಲಿ ಬಣ್ಣ ಕಟ್ಟಿಕೊಂಡು ದಾರ ತೂರುವುದಿಲ್ಲ, ಆದ್ದರಿಂದ ಮನೆಯಲ್ಲಿಯೇ, ಬೆರಳು ಮರಗಟ್ಟುವ ಮೊದಲು, ಹಳೆಯ ಗಾಳದ ತುದಿಯಿಂದ ಎಲ್ಲ ಉಂಗುರಗಳನ್ನೂ ಚುಚ್ಚಿ ತೆರೆದಿಟ್ಟುಕೊಂಡು ಹೊರಡುವುದು ಒಳ್ಳೆಯದು.