'ಬಾಡಿಗೆ ಬೇಡ, ಭೋಗ್ಯಕ್ಕೆ ಕೊಡ್ತೀವಿ' ಅಂದರೆ ಮೊದಲು ಮೂಲಪತ್ರ ಕೇಳಿ

ದೊಡ್ಡಬಳ್ಳಾಪುರ, ರಾಮನಗರ, ಹೊಸಕೋಟೆಯಂಥ ಊರುಗಳಲ್ಲಿ ಅಗ್ಗದ ಮನೆ ಹುಡುಕುವವರಿಗೆ ಭೋಗ್ಯದ ಮಾತು ಎದುರಾಗಿಯೇ ಆಗುತ್ತದೆ. ಐದು ಲಕ್ಷ ಕೊಡಿ, ಮೂರು ವರ್ಷ ಬಾಡಿಗೆಯಿಲ್ಲದೆ ಇರಿ, ಬಿಡುವಾಗ ಪೂರ್ತಿ ಹಣ ವಾಪಸ್. ಈ ಲೆಕ್ಕವನ್ನು ಮಾಲೀಕರ ಕಡೆಯಿಂದ ಹಾಕಿ ನೋಡಿ. ತಿಂಗಳಿಗೆ 8,000 ಬಾಡಿಗೆ ಬರುವ ಮನೆಯಾದರೆ ಅವರು ವರ್ಷಕ್ಕೆ 96,000 ಬಿಟ್ಟುಕೊಡುತ್ತಿದ್ದಾರೆ. ಐದು ಲಕ್ಷಕ್ಕೆ ಅದು ನೂರಕ್ಕೆ 19ರ ಬಡ್ಡಿ. ಇಷ್ಟು ತೆತ್ತು ನಿಮ್ಮಿಂದ ಹಣ ಎತ್ತುತ್ತಿದ್ದಾರೆಂದರೆ ಬ್ಯಾಂಕಿನ ಬಾಗಿಲು ಆಗಲೇ ಮುಚ್ಚಿರಬಹುದು. ಎಲ್ಲರೂ ಮೋಸಗಾರರಲ್ಲ, ಆದರೆ ಕಾರಣ ತಿಳಿಯದೆ ಹಣ ಕೊಡಬೇಡಿ.

ಮನೆ ಕೈತಪ್ಪುವುದು ಹೀಗೆ. ಗೃಹಸಾಲದ ಕಂತು 90 ದಿನ ಬಾಕಿ ಬಿದ್ದರೆ ಅದು ವಸೂಲಾಗದ ಸಾಲ. ಕೋರ್ಟಿಗೆ ಹೋಗದೆಯೇ ಅಡವಿಟ್ಟ ಆಸ್ತಿ ವಶಕ್ಕೆ ಪಡೆಯಲು ಬ್ಯಾಂಕಿಗೆ ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು 60 ದಿನದ ನೋಟಿಸ್ ಕೊಡುತ್ತದೆ. ಅದು ಹೋಗುವುದು ಸಾಲಗಾರರಿಗೆ, ಮನೆಯಲ್ಲಿರುವ ನಿಮಗಲ್ಲ. ಹಣದ ಮುಗ್ಗಟ್ಟು ತೀವ್ರವಾಗಿರುವ ಈ ಐದು ತಿಂಗಳಲ್ಲೇ ಭೋಗ್ಯದ ಮಾತುಕತೆ ನಡೆಯುವುದುಂಟು. ಕೊನೆಗೆ ಸ್ವಾಧೀನದ ನೋಟಿಸು ನಿಮ್ಮ ಬಾಗಿಲಿಗೆ ಅಂಟಿದಾಗಲೇ ವಿಷಯ ಗೊತ್ತಾಗುತ್ತದೆ. ಸ್ವಾಧೀನಕ್ಕೆ ಬಂದ ಬ್ಯಾಂಕು ನಿಮ್ಮ ಐದು ಲಕ್ಷಕ್ಕೆ ಜವಾಬ್ದಾರಿಯಲ್ಲ.

ನಿಮ್ಮ ಕೈಯಲ್ಲಿರುವ ಭೋಗ್ಯದ ಕರಾರುಪತ್ರವೂ ಹೆಚ್ಚು ಉಳಿಸುವುದಿಲ್ಲ. ಛಾಪಾ ಕಾಗದದ ಮೇಲೆ ಬರೆದು ನೋಟರಿ ಮುದ್ರೆ ಹಾಕಿಸಿದರೆ ನೋಂದಣಿ ಆದಂತಲ್ಲ. ಸ್ವಾಧೀನ ಸಹಿತದ ಭೋಗ್ಯವೆಂದರೆ ಅಡಮಾನ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ 100 ರೂಪಾಯಿ ದಾಟಿದರೆ ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಖರ್ಚಿದೆ, ಆದರೂ ಮಾಡಿಸಿ. ಒಂದು ಮಾತು ನೆನಪಿರಲಿ: ಬ್ಯಾಂಕಿನ ಅಡಮಾನ ನಿಮ್ಮದಕ್ಕಿಂತ ಮೊದಲಿನದಾದರೆ ನೋಂದಣಿಯೂ ನಿಮ್ಮನ್ನು ಮುಂದೆ ನಿಲ್ಲಿಸದು.

ಹಾಗಾಗಿ ಮೊದಲ ಪರೀಕ್ಷೆ ಮೂಲ ಕ್ರಯಪತ್ರ. ಜೆರಾಕ್ಸ್ ಮಾತ್ರ ತೋರಿಸಿದರೆ ಮೂಲಪತ್ರ ಬ್ಯಾಂಕಿನಲ್ಲಿರಬಹುದು. ಲಾಕರಿನಲ್ಲಿದೆ ಅಂದರೆ ಒಂದು ದಿನ ಬಿಟ್ಟು ತರಿಸಿ ನೋಡಿ. ಜೊತೆಗೆ ರಾಜ್ಯದ ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸಿ. ಕ್ರಯಪತ್ರವನ್ನು ಬರೀ ಇಟ್ಟು ತೆಗೆದ ಸಾಲ ಅದರಲ್ಲಿ ಕಾಣದೇ ಇರಬಹುದು. ಅದಕ್ಕೆ ಬ್ಯಾಂಕುಗಳ ಅಡಮಾನಗಳನ್ನು ದಾಖಲಿಸುವ ಕೇಂದ್ರ ನೋಂದಣಿಯಾದ ಸೆರ್ಸಾಯ್ ತಾಣದಲ್ಲೂ ಹುಡುಕಿ, ಶುಲ್ಕ ಅಲ್ಪ. ಇ-ಖಾತೆಯ ಹೆಸರು ಸಹಿ ಹಾಕುವವರ ಹೆಸರೇ ಆಗಿರಲಿ. ವಿದ್ಯುತ್ ಬಿಲ್ಲು ಒಡೆತನದ ದಾಖಲೆಯಲ್ಲ. ಸಾಲವಿದ್ದರೆ ಬ್ಯಾಂಕಿನ ಲಿಖಿತ ಒಪ್ಪಿಗೆಪತ್ರ ಬೇಕು, ಅದು ಸಿಗದಿದ್ದರೆ ಆ ಮನೆ ಬೇಡ.

ನಡುವಿನವರಿಂದ ಇನ್ನೊಂದು ಬಗೆಯ ಅಪಾಯ. ನಿಮ್ಮಿಂದ ಭೋಗ್ಯದ ಹಣ ಪಡೆದು ಮಾಲೀಕರಿಗೆ ತಿಂಗಳ ಬಾಡಿಗೆ ಕಟ್ಟುವ ಏಜೆಂಟರು, ಒಂದು ದಿನ ಕಟ್ಟುವುದನ್ನು ನಿಲ್ಲಿಸಿಬಿಡಬಹುದು. ಮಾಲೀಕರ ದೃಷ್ಟಿಯಲ್ಲಿ ನೀವು ಬಾಡಿಗೆ ಬಾಕಿ ಇಟ್ಟವರು. ಹಣ ಮಾಲೀಕರ ಖಾತೆಗೇ, ಬ್ಯಾಂಕಿನ ಮೂಲಕವೇ ಹೋಗಲಿ.

ಬಿಡುವಾಗ 'ಹೊಸಬರು ಬಂದ ಮೇಲೆ ಕೊಡ್ತೀವಿ' ಅಂದರೆ, ಹಣ ನಿಮ್ಮ ಖಾತೆಗೆ ಬೀಳುವವರೆಗೆ ಬೀಗದ ಕೈ ಕೊಡಬೇಡಿ.