ಬಾಲ್ಯದ ಬೆಲೆಯನ್ನು ಇಂದಿಗೆ ಅಳೆಯುವುದು: ಚಿನ್ನ, ಲೆಕ್ಕದ ಪುಸ್ತಕ, ಸೂಚ್ಯಂಕ, ದುಡಿಮೆಯ ಗಂಟೆ

‘ನಾವು ಚಿಕ್ಕವರಿದ್ದಾಗ ಎಲ್ಲ ಎಷ್ಟು ಅಗ್ಗವಿತ್ತು’ ಎನ್ನುವಾಗ ವಸ್ತುವಿನ ಬೆಲೆ ನೆನಪಿರುತ್ತದೆ, ಅದೇ ವರ್ಷ ಮನೆಗೆ ಬರುತ್ತಿದ್ದ ಸಂಬಳ ಮರೆತಿರುತ್ತದೆ. ಮಕ್ಕಳ ಕೈಗೆ ಸಿಗುತ್ತಿದ್ದದ್ದು ಚಿಲ್ಲರೆ. ಬಾಡಿಗೆ, ಸಾಲದ ಕಂತು, ಆಸ್ಪತ್ರೆಯ ಬಿಲ್ಲು ನೋಡಿಕೊಂಡವರು ದೊಡ್ಡವರು. ಆದ್ದರಿಂದ ಯಾವ ವಿಧಾನ ಹಿಡಿದರೂ ಮೊದಲು ಬೇಕಾದ್ದು ದಿನಾಂಕವಿರುವ ಕಾಗದ: ಶಾಲೆಯ ಶುಲ್ಕದ ರಸೀದಿ, ಬಸ್ ಟಿಕೆಟ್, ಬಾಡಿಗೆ ಕರಾರು, ಸಂಬಳದ ಚೀಟಿ. ಬರೀ ನೆನಪು ನಂಬಿದರೆ ವರ್ಷ ಹಿಂದುಮುಂದಾಗುತ್ತದೆ. ಬೆಲೆಗಳು ವರ್ಷಕ್ಕೆ ಶೇ 10ರಂತೆ ಏರಿದ ಕಾಲವಾದರೆ ಏಳು ವರ್ಷದ ತಪ್ಪಿಗೆ ಉತ್ತರವೇ ಹೆಚ್ಚುಕಡಿಮೆ ಇಮ್ಮಡಿಯಾಗಿಬಿಡುತ್ತದೆ.

ಚಿನ್ನ, ಲೆಕ್ಕದ ಪುಸ್ತಕ, ಸೂಚ್ಯಂಕ, ದುಡಿಮೆಯ ಗಂಟೆ ಎಂಬ ನಾಲ್ಕೂ ವಿಧಾನಗಳನ್ನು ಒಂದೊಂದಾಗಿ ನೋಡೋಣ. ಕೊನೆಯ ಎರಡನ್ನು ಒಂದೇ ಉದಾಹರಣೆಯ ಮೇಲೆ ಹಚ್ಚೋಣ. ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು, ಯಾವ ದೇಶದ ಹಣವೆಂದು ಬೇಕಾದರೂ ಓದಿಕೊಳ್ಳಿ. ಅಂದು ತಿಂಗಳ ಸಂಬಳ 600, ಇಂದು ಅದೇ ಕೆಲಸಕ್ಕೆ 30,000. ನೋಟ್‌ಬುಕ್ ಅಂದು 2, ಇಂದು 50. ಮನೆ ಬಾಡಿಗೆ ಅಂದು 100, ಇಂದು 10,000.

ಚಿನ್ನದ ಲೆಕ್ಕವನ್ನು ಮೊದಲೇ ಬದಿಗಿಡಬಹುದು. ‘ಆಗಿನ ಸಂಬಳಕ್ಕೆ ಇಷ್ಟು ಗ್ರಾಂ ಬರುತ್ತಿತ್ತು, ಈಗ ಇಷ್ಟೇ’ ಎಂಬ ಮಾತು ಕೇಳಲು ಗಟ್ಟಿಯಾಗಿದ್ದರೂ ಚಿನ್ನ ಜೀವನ ವೆಚ್ಚದ ಅಳತೆಗೋಲಲ್ಲ. 1980ರ ಜನವರಿಯಲ್ಲಿ ಔನ್ಸಿಗೆ 850 ಡಾಲರ್ ಮುಟ್ಟಿದ್ದ ಬಂಗಾರ 1999ರಲ್ಲಿ ಸುಮಾರು 250 ಡಾಲರಿಗೆ ಇಳಿದಿತ್ತು. ಅದೇ ಅವಧಿಯಲ್ಲಿ ಅಮೆರಿಕದ ಗ್ರಾಹಕ ಬೆಲೆಗಳು ಎರಡು ಪಟ್ಟು ದಾಟಿದ್ದವು. ಸಂಬಳಕ್ಕೆ ಎಷ್ಟು ಚಿನ್ನ ಬರುತ್ತದೆ ಎಂದು ಅಳೆದವನಿಗೆ ಆ ಇಪ್ಪತ್ತು ವರ್ಷ ಬದುಕು ಅಗ್ಗವಾದಂತೆ ಕಂಡಿರುತ್ತದೆ. ಯಾವ ವರ್ಷದಿಂದ ಎಣಿಸಲು ಶುರುಮಾಡುತ್ತೀರಿ ಎಂಬುದರ ಮೇಲೆ ಉತ್ತರ ತಲೆಕೆಳಗಾಗುವ ವಿಧಾನವನ್ನು ನಂಬಲಾಗದು.

ಹಳೇ ಲೆಕ್ಕದ ಪುಸ್ತಕ ಸಿಕ್ಕರೆ ಅದು ಭಾಗ್ಯ. ಒಂದು ತಿಂಗಳ ಪುಟ ತೆಗೆದು, ಅಷ್ಟೇ ಸಾಮಾನಿಗೆ ಇಂದಿನ ಬೆಲೆ ಹಾಕಿ ಒಟ್ಟು ಕೂಡಿಸಿ, ಹಳೇ ಮೊತ್ತದಿಂದ ಭಾಗಿಸಿ. ಜರ್ಮನಿಯ ಅರ್ಥಶಾಸ್ತ್ರಜ್ಞ ಲಾಸ್ಪೆಯರ್ಸ್ 1871ರಲ್ಲಿ ಮಂಡಿಸಿದ ಸೂತ್ರ ಇದೇ. ದುಬಾರಿಯಾದದ್ದನ್ನು ಜನ ಕಡಿಮೆ ಕೊಳ್ಳುತ್ತಾರೆ, ಹಳೇ ಪಟ್ಟಿಗೆ ಅದು ತಿಳಿಯದು, ಹೀಗಾಗಿ ಉತ್ತರ ಸಾಮಾನ್ಯವಾಗಿ ಹೆಚ್ಚು ಬರುತ್ತದೆ. ಇಂದಿನ ಪಟ್ಟಿಗೆ ಅಂದಿನ ಬೆಲೆ ಹಾಕಿದರೆ (ಜರ್ಮನಿಯವನೇ ಆದ ಪಾಶೆಯ ಸೂತ್ರ, 1874) ಕಡಿಮೆ ಬರುತ್ತದೆ. ಮೊದಲನೆಯದು 24 ಪಟ್ಟು, ಎರಡನೆಯದು 15 ಪಟ್ಟು ಬಂತೆನ್ನಿ: ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 19. ಇದಕ್ಕೆ ಅಮೆರಿಕದ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್ ಹೆಸರಿನಲ್ಲಿ ಫಿಶರ್ ಸೂಚ್ಯಂಕ ಎನ್ನುತ್ತಾರೆ. ಪುಟದಲ್ಲಿ ಪೊಟ್ಟಣಗಳ ಸಂಖ್ಯೆ ಮಾತ್ರ ಇದ್ದು ತೂಕ, ಅಳತೆ ಇಲ್ಲದಿದ್ದರೆ ಎಚ್ಚರ. ಬೆಲೆ ಹಾಗೇ ಇಟ್ಟು 100 ಹಾಳೆಯ ಪುಸ್ತಕವನ್ನು 80 ಹಾಳೆಗೆ ಇಳಿಸಿದರೆ ಅದು ಶೇ 25ರ ಏರಿಕೆ, ಪುಟದಲ್ಲಿ ಕಾಣುವುದೇ ಇಲ್ಲ.

ಮನೆಗಳು ಕೊಳ್ಳುವ ಸಾಮಾನು, ಸೇವೆಗಳ ಒಟ್ಟಾರೆ ಬೆಲೆಮಟ್ಟವನ್ನು ಒಂದೇ ಅಂಕದಲ್ಲಿ ಹೇಳುವ ಗ್ರಾಹಕ ಬೆಲೆ ಸೂಚ್ಯಂಕ ಎಲ್ಲರ ಕೈಗೆ ಸಿಗುವ ದಾರಿ, ಎಲ್ಲರೂ ಎಡವುವ ದಾರಿಯೂ ಹೌದು. ಎಡವುವುದು ಆಧಾರ ವರ್ಷದಲ್ಲಿ, ಅಂದರೆ ಸೂಚ್ಯಂಕವನ್ನು 100 ಎಂದು ಇಟ್ಟುಕೊಂಡ ವರ್ಷದಲ್ಲಿ. ಕೆಲವು ವರ್ಷಗಳಿಗೊಮ್ಮೆ ಹಳೇ ಸರಣಿ ನಿಲ್ಲಿಸಿ ಹೊಸದನ್ನು 100ರಿಂದ ಆರಂಭಿಸುತ್ತಾರೆ. ಅಂದಿನ ಅಂಕ ಹಳೇ ಸರಣಿಯಲ್ಲಿ 100, ಇಂದಿನದು ಹೊಸ ಸರಣಿಯಲ್ಲಿ 375 ಎಂದು ನೇರ ಭಾಗಿಸಿದರೆ 3.75 ಪಟ್ಟು ಎಂಬ ಶುದ್ಧ ತಪ್ಪು ಬರುತ್ತದೆ. ಹೊಸ ಸರಣಿ 100 ಇದ್ದ ಅವಧಿಯಲ್ಲಿ ಹಳೆಯದು ಎಷ್ಟಿತ್ತು ನೋಡಿ. 480 ಇದ್ದರೆ ಜೋಡಣೆಯ ಗುಣಕ 4.8. ಆಗ 375 × 4.8 = 1,800, ಅಂದರೆ 18 ಪಟ್ಟು. ಒಂದೇ ತಿಂಗಳ ಅಂಕ ಹಿಡಿಯಬೇಡಿ, ಋತುವಿನ ಏರಿಳಿತ ಸೇರಿಕೊಳ್ಳುತ್ತದೆ, ವರ್ಷದ ಸರಾಸರಿಯೇ ಸರಿ. ಈ 18 ಪಟ್ಟಿನ ಲೆಕ್ಕಕ್ಕೆ ನೋಟ್‌ಬುಕ್ 36 ಆಗಬೇಕಿತ್ತು, 50 ಆಗಿದೆ: ಆಗಬೇಕಿದ್ದದರ 1.39 ಪಟ್ಟು. ಬಾಡಿಗೆ 1,800 ಆಗಬೇಕಿತ್ತು, 10,000 ಆಗಿದೆ: 5.56 ಪಟ್ಟು. ಸಂಬಳ 10,800 ಆಗಬೇಕಿತ್ತು, 30,000 ಆಗಿದೆ: 2.78 ಪಟ್ಟು.

ಸೂಚ್ಯಂಕ ಸರಾಸರಿ ಕುಟುಂಬದ್ದು ಎಂಬುದನ್ನೂ ಮರೆಯಬಾರದು. ಸ್ವಂತ ಮನೆಯವರಿಗೂ ಬಾಡಿಗೆಯವರಿಗೂ ಅದೇ 18.

ನಮ್ಮ ಒಲವು ದುಡಿಮೆಯ ಗಂಟೆಯ ಕಡೆಗೆ. ಬೆಳಕಿನ ವೆಚ್ಚವನ್ನು ಶತಮಾನಗಳುದ್ದಕ್ಕೂ ಹೋಲಿಸಲು ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹೌಸ್ ಬಳಸಿದ್ದೂ ಇದನ್ನೇ. ತಿಂಗಳಿಗೆ 200 ಗಂಟೆ ಕೆಲಸವೆಂದರೆ ಗಂಟೆಯ ಕೂಲಿ ಅಂದು 3, ಇಂದು 150. ನೋಟ್‌ಬುಕ್ ಅಂದು 40 ನಿಮಿಷದ ದುಡಿಮೆ, ಇಂದು 20 ನಿಮಿಷ. ಬಾಡಿಗೆ ಅಂದು 33 ಗಂಟೆ, ಇಂದು 67. ಚಿಲ್ಲರೆಯ ವಸ್ತುವನ್ನೇ ನೆನೆದು ‘25 ಪಟ್ಟು’ ಎಂದು ಕೊರಗುವವರಿಗೆ ಹೊರೆ ನಿಜವಾಗಿ ಕೂತಿರುವುದು ತಲೆಯ ಮೇಲಿನ ಸೂರಿನಲ್ಲಿ ಎಂದು ಇಲ್ಲಿ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಸೂಚ್ಯಂಕದ ಉತ್ತರಗಳನ್ನು ಸಂಬಳದ 2.78ರಿಂದ ಭಾಗಿಸಿ, ನೋಟ್‌ಬುಕ್‌ಗೆ ಅರ್ಧ, ಬಾಡಿಗೆಗೆ ಎರಡು ಎಂದೇ ಬರುತ್ತದೆ. ವ್ಯತ್ಯಾಸವೆಂದರೆ ಗಂಟೆಯ ಲೆಕ್ಕದಲ್ಲಿ ಆಧಾರ ವರ್ಷದ ಗೋಜಿಲ್ಲ.

ಇದು ಕೆಡುವುದು ಸಂಬಳದ ಆಯ್ಕೆಯಲ್ಲಿ. ಹೆತ್ತವರ ಆಗಿನ ಆರಂಭದ ಸಂಬಳಕ್ಕೆ ನಿಮ್ಮ ಇಂದಿನ ಸಂಬಳ ಹೋಲಿಸಿದರೆ ಬಡ್ತಿಯೂ ಅನುಭವವೂ ಬೆಲೆಯೊಳಗೆ ಬೆರೆತುಹೋಗುತ್ತವೆ. ಅದೇ ಹುದ್ದೆ, ಅಷ್ಟೇ ಅನುಭವ, ತೆರಿಗೆ ಕಳೆದು ಕೈಗೆ ಬರುವ ಮೊತ್ತ, ನಿಜವಾಗಿ ದುಡಿಯುವ ಗಂಟೆ, ಈ ನಾಲ್ಕೂ ಹೊಂದಬೇಕು. ಅಂದು ಒಬ್ಬರ ದುಡಿಮೆಯಲ್ಲಿ ನಡೆದ ಮನೆ ಇಂದು ಇಬ್ಬರದರಲ್ಲಿ ನಡೆಯುತ್ತಿದ್ದರೆ ಒಬ್ಬೊಬ್ಬರ ಗಂಟೆಯನ್ನೇ ಬೇರೆಬೇರೆ ಬರೆಯಿರಿ, ಒಟ್ಟು ಮೊತ್ತ ಆ ಹೆಚ್ಚಿನ ದುಡಿಮೆಯನ್ನು ಮುಚ್ಚಿಬಿಡುತ್ತದೆ. ಮೊಬೈಲ್, ಇಂಟರ್ನೆಟ್‌ನಂಥ ಅಂದು ಮನೆಯಲ್ಲಿ ಇಲ್ಲದ ಖರ್ಚು ಬೆಲೆಯೇರಿಕೆಯಲ್ಲ. ಅವುಗಳಿಗೆ ಪ್ರತ್ಯೇಕ ಸಾಲು ಹಾಕಿ, ತಿಂಗಳಿಗೆ ಎಷ್ಟು ಗಂಟೆ ತಿನ್ನುತ್ತವೆ ಎಂದು ಬರೆದಿಡಿ.